ಗಾಣದ ಒಲೆಯ ಮುಂದೆ ರಾಯಣ್ಣನ ಸಿನಿಮಾ

2012ರ ನವೆಂಬರ್ 1, ರಾಜ್ಯೋತ್ಸವದ ದಿನ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ತೆರೆಗೆ ಬಂತು. ಅದಕ್ಕೆ ಮೂರು ವಾರ ಮೊದಲು, ಅಕ್ಟೋಬರ್ 11ಕ್ಕೆ, ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧದ ಉದ್ಘಾಟನೆ ಆಗಿತ್ತು. ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಮಂದಿಯ ನಡಿಗೆಯಲ್ಲೇ ಒಂದು ಬಿಗುವಿತ್ತು. ಹುಕ್ಕೇರಿಯ ಸಂತೆಯಲ್ಲಿ, ಸಂಕೇಶ್ವರದ ಮೆಣಸಿನಕಾಯಿ ಅಂಗಡಿಗಳ ಮುಂದೆ, ಹಿಡಕಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಎಲ್ಲಿ ನಿಂತರೂ ಒಂದೇ ವಿಚಾರಣೆ: “ರಾಯಣ್ಣನ ಪಿಚ್ಚರ್ ನೋಡೀರೇನು?”

ನಮ್ಮ ಊರಿನವರು ನೋಡಲು ಹೊರಟದ್ದು ದೀಪಾವಳಿಗೆ ಮುಂಚಿನ ವಾರ. ಗಾಣ ಆಗಷ್ಟೇ ಹೂಡಿದ್ದರು. ಕಾಕಾನ ಟ್ರ್ಯಾಕ್ಸ್‌ನಲ್ಲಿ ಹಿಡಿಸುವಷ್ಟು ಜನ ಹಿಡಿಸಿ, ಉಳಿದವರು ಮೋಟರ್‌ಸೈಕಲ್ ಹತ್ತಿ, ಯಮಕನಮರಡಿ ದಾಟಿ, ವಂಟಮುರಿ ಘಾಟ್ ಇಳಿದು ಬೆಳಗಾವಿ ಸೇರಿದೆವು. ಹುಡುಗರ ದಂಡು ಒಂದು ಕಡೆ, ಹಿರಿಯರು ಇನ್ನೊಂದು ಕಡೆ. ಹಿರಿಯರಲ್ಲಿ ಮೂವರನ್ನು ನಾನು ಮರೆಯಲಾರೆ. ಹರೆಯದಲ್ಲಿ ಗೀಗೀ ಮೇಳದಲ್ಲಿ ತುಂತುಣಿ ನುಡಿಸುತ್ತಿದ್ದ ಮುತ್ಯಾ, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದ ಮಾಸ್ತರರು, ಮತ್ತು ಸಿನಿಮಾ ಎಂದರೆ ದೇವರ ಪಟ ಅಥವಾ ರಾಜರ ಪಟ, ಬೇರೆಯದು ನೋಡುವಂಥದ್ದಲ್ಲ ಎಂದು ನಂಬಿದ್ದ ಆಯಿ.

ಥಿಯೇಟರಿನ ಮುಂದೆ ಡೊಳ್ಳು ಬಡಿಯುತ್ತಿತ್ತು. ಯಾರೋ ಭಂಡಾರ ಎರಚಿದರು, ನಮ್ಮೆಲ್ಲರ ಅಂಗಿ ಹಳದಿಯಾದವು. ಒಳಗೆ ನಾಯಕ ಮೊದಲ ಬಾರಿ ಕಾಣಿಸಿದಾಗ ಎದ್ದ ಶಿಳ್ಳೆಗೆ ಮುಂದಿನ ಮಾತು ಯಾವುದೂ ಕೇಳಲಿಲ್ಲ. ನಾಗಣ್ಣ ನಿರ್ದೇಶಿಸಿದ ಆ ಚಿತ್ರದಲ್ಲಿ ದರ್ಶನ್ ರಾಯಣ್ಣ, ಜಯಪ್ರದಾ ಕಿತ್ತೂರಿನ ರಾಣಿ ಚೆನ್ನಮ್ಮ. ಕೊನೆಗೆ ಗಲ್ಲಿನ ದೃಶ್ಯ ಬಂದಾಗ ಅದೇ ಶಿಳ್ಳೆ ಹಾಕಿದ ಹುಡುಗರು ಉಸಿರು ಹಿಡಿದು ಕೂತರು. ಹೆಂಗಸರ ಸಾಲಿನಿಂದ ಅಳು ಕೇಳಿಸಿತು. ಹೊರಗೆ ಬಂದ ಮೇಲೂ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಮಾತು ಶುರುವಾದದ್ದು ಆ ರಾತ್ರಿ, ಗಾಣದ ಒಲೆಯ ಮುಂದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಲೆಗೆ ಒಣ ಸಿಪ್ಪೆ ತಳ್ಳುವವ ತಳ್ಳುತ್ತಲೇ ಇದ್ದ. ಚಳಿ ಬಿದ್ದಿತ್ತು. ಸಿನಿಮಾಕ್ಕೆ ಬಂದವರು, ಬಾರದವರು ಎಲ್ಲರೂ ಸುತ್ತ ಕೂತರು. ಬಾರದವರು ಕೇಳಿದರು: “ಹೆಂಗಿತ್ತು?” ಅಲ್ಲಿಂದ ನಡೆದ ಮಾತುಕತೆಯನ್ನು ನಾನು ಇವತ್ತಿಗೂ ಒಂದು ಸಿನಿಮಾದ ನಿಜವಾದ ವಿಮರ್ಶೆ ಎಂದು ನಂಬಿದ್ದೇನೆ. ಅಲ್ಲಿ ಕೂತಿದ್ದವರು ಒಬ್ಬ ನಟನನ್ನು ಅಳೆಯಲು ಬಂದವರಾಗಿರಲಿಲ್ಲ. ತಮ್ಮ ಮನೆಯವನೊಬ್ಬನ ಸಾವಿನ ಸುದ್ದಿಯನ್ನು ಯಾರೋ ಹೊಸಬರು ಹೇಳುತ್ತಿದ್ದಾರೆ, ಸರಿಯಾಗಿ ಹೇಳಿದರೋ ಇಲ್ಲವೋ ಎಂದು ಕಿವಿಗೊಟ್ಟು ಬಂದವರು.

ಮೊದಲು ಬಾಯಿ ಬಿಟ್ಟವರು ಹುಡುಗರು. ಕುದುರೆ, ಕತ್ತಿ, ಕಾಳಗ, ನಾಯಕನ ನಿಲುವು ಎಲ್ಲವನ್ನೂ ಹೊಗಳಿದರು. ಮುತ್ಯಾ ಅದನ್ನು ಅಲ್ಲಗಳೆಯಲಿಲ್ಲ. “ಪಾರ್ಟು ಚಲೋ ಮಾಡ್ಯಾನ ತಮ್ಮಾ. ಮೈ ಇಟ್ಟ ಮಾಡ್ಯಾನ. ಅದರಾಗ ಎರಡ ಮಾತಿಲ್ಲ,” ಎಂದ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನರಿಗೆ ಪಾರ್ಟಿನ ಪರೀಕ್ಷೆ ಹೊಸದಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ರಾತ್ರಿಯಿಡೀ ನೋಡಿದವರು, ಕೌಜಲಗಿ ನಿಂಗಮ್ಮನ ದನಿ ಕೇಳಿದವರು ನಮ್ಮ ಹಿರಿಯರು. ಯಾರ ದನಿಯಲ್ಲಿ ಕಸುವಿದೆ, ಯಾರು ಬರೀ ಒದರುತ್ತಾರೆ ಎಂಬುದನ್ನು ಅವರು ಕಣ್ಣು ಮುಚ್ಚಿ ಹೇಳಬಲ್ಲವರು. ದರ್ಶನ್‌ಗೆ ಆ ಪಾತ್ರಕ್ಕಾಗಿ 2012ನೇ ಸಾಲಿನ ಅತ್ಯುತ್ತಮ ನಟ ರಾಜ್ಯ ಪ್ರಶಸ್ತಿ ಮುಂದೆ ಬಂತು. ಗಾಣದ ಮುಂದೆ ಆ ತೀರ್ಪು ಆಗಲೇ ಆಗಿಹೋಗಿತ್ತು.

ಆಮೇಲೆ ಮಾಸ್ತರರ ಸರದಿ. ಅವರು ಮೊದಲು ಮೆಚ್ಚಬೇಕಾದುದನ್ನು ಮೆಚ್ಚಿದರು. ಒಂದು ಹಳ್ಳಿಯ ಕಾವಲು ಕಾಯುವ ಮನೆತನದವನ ಮೇಲೆ ಇಷ್ಟು ಖರ್ಚು ಮಾಡಿ ಇಷ್ಟು ದೊಡ್ಡ ಚಿತ್ರ ತೆಗೆದದ್ದೇ ಅವರ ಪಾಲಿಗೆ ದೊಡ್ಡ ಮಾತು. ರಾಜರ, ರಾಣಿಯರ ಚಿತ್ರಗಳು ಬಂದಿವೆ, ಒಬ್ಬ ಶೆತ್ಸನದಿಯ ಚಿತ್ರ ಯಾವಾಗ ಬಂದೀತು ಎಂದು ತಾವು ಕಾದಿದ್ದುದಾಗಿ ಹೇಳಿದರು. ಹುಡುಗರಲ್ಲಿ ಒಬ್ಬ ಕೇಳಿದ, “ಶೆತ್ಸನದಿ ಅಂದ್ರ ಏನ್ರೀ ಸರ್?” ಮಾಸ್ತರರು ಒಲೆಯ ಬೆಳಕಿಗೆ ಮುಖ ತಿರುಗಿಸಿ ಪಾಠ ಹೇಳುವವರಂತೆ ಹೇಳಿದರು.

ಕಿತ್ತೂರು ಸಂಸ್ಥಾನದಲ್ಲಿ ಊರ ಕಾವಲಿನ ಸೇವೆಗೆ ಸಂಬಳದ ಬದಲು ಹೊಲ ಕೊಡುತ್ತಿದ್ದರು. ಹಾಗೆ ಹೊಲ ಪಡೆದು ಕಾವಲು ಕಾಯುವವನೇ ಶೆತ್ಸನದಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದ. ಈಸ್ಟ್ ಇಂಡಿಯಾ ಕಂಪನಿ ಸುಮ್ಮನಿರಲಿಲ್ಲ. ದೊಡ್ಡ ದಂಡು ತಂದು ಡಿಸೆಂಬರಿನಲ್ಲಿ ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡಳು. ಆಮೇಲೆ ಕಂಪನಿಯ ಕಣ್ಣು ಈ ಹೊಲಗಳ ಮೇಲೆ ಬಿತ್ತು. ಕೆಲವು ಹೊಲ ಕಸಿದರು, ಉಳಿದವಕ್ಕೆ ಭಾರದ ಕಂದಾಯ ಹೇರಿದರು. ರಾಯಣ್ಣನ ಮನೆತನದ ಹೊಲಕ್ಕೂ ಅದೇ ಗತಿ. ಅವನು ಬೀಡಿ, ನಂದಗಡ, ಖಾನಾಪುರ, ಸಂಪಗಾವಿ ಸೀಮೆಗಳಲ್ಲಿ ಕಚೇರಿಗಳಿಗೆ ಬೆಂಕಿ ಹಚ್ಚಿದ, ಖಜಾನೆ ಲೂಟಿ ಮಾಡಿದ. ಕಾಗದಪತ್ರಗಳನ್ನು ಸುಟ್ಟದ್ದು ಸುಮ್ಮನೆ ಅಲ್ಲ. ಬಡವರ ಹೊಲ ಕಸಿದದ್ದು ಆ ಕಾಗದಗಳೇ.

“ಕಾಳಗ ತೋರಿಸ್ಯಾರ, ಭರ್ಜರಿ ತೋರಿಸ್ಯಾರ. ಹೊಲದ ಸಂಕಟಾನ ಇನ್ನಷ್ಟ ತೋರಿಸಬೇಕಿತ್ತು,” ಎಂದರು ಮಾಸ್ತರರು. “ರೈತ ಯಾಕ ಎದ್ದ ಅನ್ನೂದು ಗೊತ್ತಾದ್ರ, ಕತ್ತಿ ಎತ್ತಿದ್ದು ತಾನ ಅರ್ಥ ಆಗತೈತಿ.” ಕೂತಿದ್ದವರೆಲ್ಲ ಹೊಲ ಮಾಡುವವರು. ಕಬ್ಬಿನ ಬಿಲ್ಲಿಗೆ ಕಾದು ಕಾದು ಬೇಸತ್ತವರು. ಆ ಮಾತು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆಗಳು ಅಲ್ಲಾಡಿದವು.

ಆಯಿ ಅಷ್ಟೊತ್ತಿನವರೆಗೆ ಸೆರಗು ಹೊದ್ದು ಸುಮ್ಮನೆ ಕೂತಿದ್ದಳು. ಅವಳ ಅಳತೆಗೋಲು ಬೇರೆ. ಅವಳು ‘ಕಿತ್ತೂರು ಚೆನ್ನಮ್ಮ’ ನೋಡಿದ್ದಳು. 1961ರಲ್ಲಿ ಬಿ.ಆರ್. ಪಂತುಲು ತೆಗೆದ ಆ ಚಿತ್ರ ನಮ್ಮ ಕಡೆಯ ಟೆಂಟುಗಳಿಗೆ ಬಂದಾಗ ಅವಳಿನ್ನೂ ಹುಡುಗಿ. ಬಿ. ಸರೋಜಾದೇವಿ ಚೆನ್ನಮ್ಮ, ರಾಜಕುಮಾರ್ ಮಲ್ಲಸರ್ಜ. ಕನ್ನಡದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಆದರೆ ಆಯಿಯಂಥವರಿಗೆ ಅದು ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದಕ್ಕೆ ಕಾರಣ ಬೇರೆ. ನಮ್ಮ ಸೀಮೆ 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು. ಕೊಲ್ಹಾಪುರ ಹತ್ತಿರ, ಅಲ್ಲಿ ಸ್ಟುಡಿಯೋಗಳಿದ್ದವು. ಭಾಲಜಿ ಪೆಂಢಾರಕರರು 1952ರಲ್ಲಿ ತೆಗೆದ ‘ಛತ್ರಪತಿ ಶಿವಾಜಿ’ಯಂಥ ಚಿತ್ರಗಳು ನಮ್ಮ ಟೆಂಟುಗಳಲ್ಲಿ ಓಡುತ್ತಿದ್ದವು. ಪರದೆಯ ಮೇಲೆ ಕೋಟೆ, ಕುದುರೆ, ರಾಜ ಎಂದರೆ ಮರಾಠಿಯಲ್ಲೇ ಮಾತಾಡುತ್ತಾರೆ ಎಂದುಕೊಂಡಿದ್ದ ಜನಕ್ಕೆ, ತಮ್ಮದೇ ಜಿಲ್ಲೆಯ ರಾಣಿ ಕನ್ನಡದಲ್ಲಿ ಕಂಪನಿಯವನಿಗೆ ಎದುರು ಮಾತಾಡಿದ್ದು ಕಂಡು ಮೈ ಜುಮ್ಮೆಂದಿತ್ತು.

“ಆ ಸಿನಿಮಾದಾಗ ಆಕೀನ ದೊಡ್ಡಾಕಿ. ರಾಯಣ್ಣ ಎಲ್ಲೋ ಒಂದ ಮೂಲ್ಯಾಗ,” ಎಂದಳು ಆಯಿ. “ಇದರಾಗ ಇವನ ದೊಡ್ಡಾಂವ. ಆಕಿ ಸೆರಿಮನ್ಯಾಗ ಹೆಂಗ ಜೀವಾ ಬಿಟ್ಟಳು? ಇವನ ಅವ್ವ ಹೆಂಗ ಬಾಳೇ ಮಾಡಿದಳು? ಗಂಡಸರು ಸತ್ತ ಕತಿ ಎಲ್ಲಾರೂ ಹೇಳತಾರ. ಉಳದವರ ಕತಿ ಯಾರ ಹೇಳಬೇಕು?”

ಯಾರಿಗೂ ಉತ್ತರ ಹೊಳೆಯಲಿಲ್ಲ. ಹುತಾತ್ಮರ ಕುರಿತ ಸಿನಿಮಾ, ನಾಟಕ, ಕಾದಂಬರಿ ಎಷ್ಟೋ ನೋಡಿದ್ದೇನೆ, ಓದಿದ್ದೇನೆ. ಆಯಿ ಕೇಳಿದ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವು ಬಹಳ ಕಡಿಮೆ.

ಕೊನೆಗೆ ಮುತ್ಯಾ ಮಾತಾಡಿದ. ಅವನಿಗೆ ಕಥೆ ಸಿನಿಮಾದಿಂದ ಗೊತ್ತಾದದ್ದಲ್ಲ. ಅವನ ಮೇಳ ದಪ್ಪು, ತುಂತುಣಿ, ತಾಳ ಹಿಡಿದು ಊರೂರು ಹಾಡಿದ ಕಥೆ ಅದು. ರಾಯಣ್ಣನ ಲಾವಣಿ ಎಷ್ಟು ಗಟ್ಟಿಯಾಗಿ ಜನರ ಬಾಯಲ್ಲಿತ್ತೆಂದರೆ, ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಅದನ್ನು ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಹಲಗಲಿಯ ಬೇಡರ ಲಾವಣಿಯನ್ನೂ, ಸಂಗ್ಯಾನ ಲಾವಣಿಯನ್ನೂ ಅವನು ಹಾಗೇ ಸಂಗ್ರಹಿಸಿದ್ದಾನೆ. ಗಲ್ಲಿಗೆ ಹಾಕಿದ ಸರ್ಕಾರದ ನೌಕರನೇ ಗಲ್ಲಿಗೆ ಹೋದವನ ಹಾಡನ್ನು ಕಾಗದಕ್ಕೆ ಇಳಿಸಬೇಕಾಯಿತು. ಜನರ ನಾಲಗೆಗೆ ಅಷ್ಟು ಬಲವಿತ್ತು.

“ನೋಡ್ರೋ,” ಎಂದ ಮುತ್ಯಾ. “ನಾವು ಈ ಹಾಡು ಹಾಡುವಾಗ ಕಾಳಗದ ಜಾಗಾಕ್ಕ ಜಲ್ದಿ ಮುಗಸತಿದ್ವಿ. ಹಿಡಕೊಟ್ಟ ಜಾಗಾಕ್ಕ ಬಂದ್ರ ನಿಂತ ಬಿಡತಿದ್ವಿ. ತಾಳ ನಿಧಾನ ಆಗತಿತ್ತು. ಮಂದಿ ಅಲ್ಲೇ ಅಳತಿದ್ರು. ಯಾಕಂದ್ರ ಹಿಡಕೊಟ್ಟವ್ರು ಪರದೇಶದವ್ರಲ್ಲ. ನಮ್ಮವರ.”

ಡೋರಿ ಬೆಣಚಿಯ ಹಳ್ಳದಲ್ಲಿ, 1830ರ ಏಪ್ರಿಲ್‌ನಲ್ಲಿ ರಾಯಣ್ಣ ಸೆರೆಸಿಕ್ಕ. ಅವನು ನೀರಿಗಿಳಿದಿದ್ದಾಗ, ಕೈಯಲ್ಲಿ ಕತ್ತಿಯಿಲ್ಲದ ಹೊತ್ತು ನೋಡಿ ನಮ್ಮವರೇ ಹಿಡಿದುಕೊಟ್ಟರು ಎಂದು ಜನ ಹೇಳುತ್ತಾರೆ. ಸಂಗಡ ಇದ್ದ ಕೆಲವರನ್ನು, ಊರ ಗೌಡರನ್ನು ಕಂಪನಿ ಮೊದಲೇ ತನ್ನ ಕಡೆ ಮಾಡಿಕೊಂಡಿತ್ತು. ಮರುವರ್ಷ, 1831ರ ಜನವರಿ 26ರಂದು, ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಸಂಗಡಿಗರಿಗೂ ಗಲ್ಲಾಯಿತು, ಇನ್ನು ಕೆಲವರನ್ನು ಕಡಲಾಚೆ ಸಾಗಿಸಿದರು.

“ರಾಯಣ್ಣ ಒಬ್ಬನ ಸತ್ತಾನೇನು?” ಮುತ್ಯಾನ ದನಿ ಏರಿತು. “ಅವನ ಕೂಡ ಹಗ್ಗಕ್ಕ ಕೊರಳ ಕೊಟ್ಟವ್ರು ಇಲ್ಲೇನು? ಪರದೆ ತುಂಬ ಒಬ್ಬನ್ನ ತುಂಬಿದ್ರ ಅವರು ಎಲ್ಲಿ ನಿಂದ್ರಬೇಕು? ಹಿರೋ ಒಬ್ಬನ ಸಾಕು ಪಿಚ್ಚರಿಗೆ. ದಂಗೆಗೆ ಸಾಲೂದಿಲ್ಲ.”

ಕೊಪ್ಪರಿಗೆ ಇಳಿಸುವ ಹೊತ್ತಾಗಿತ್ತು. ಬಿಸಿ ಬೆಲ್ಲ ಅಚ್ಚಿಗೆ ಬಿತ್ತು, ಪೆಂಟಿ ಕಟ್ಟುವವರು ಕೈ ಹಚ್ಚಿದರು. ಆದರೂ ಮಾತು ಬೆಳಗಿನ ಜಾವದ ತನಕ ನಡೆಯಿತು. ಕೆಲವರು ಮುತ್ಯಾನ ಜೊತೆ ವಾದ ಮಾಡಿದರು. ಸಿನಿಮಾ ಎಂದ ಮೇಲೆ ಹಾಡು, ಕುಣಿತ ಬೇಕು, ಇಲ್ಲದಿದ್ದರೆ ಹುಡುಗರು ಥಿಯೇಟರಿಗೆ ಬರುವುದಿಲ್ಲ, ಹುಡುಗರು ಬಾರದಿದ್ದರೆ ರಾಯಣ್ಣನ ಹೆಸರು ಯಾರಿಗೆ ತಿಳಿಯಬೇಕು ಎಂದರು. ಅದರಲ್ಲೂ ಸತ್ಯವಿತ್ತು. ಆ ಚಿತ್ರದ ನಂತರ ರಾಯಣ್ಣನ ಪಟ ಆಟೋಗಳ ಹಿಂದೆ, ಟ್ರ್ಯಾಕ್ಟರುಗಳ ಮುಂದೆ, ಮನೆಯ ಗೋಡೆಗಳ ಮೇಲೆ ಮೊದಲಿಗಿಂತ ಹೆಚ್ಚು ಕಾಣತೊಡಗಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೂ ಅವನ ಹೆಸರು ಬಂತು. ಇದೆಲ್ಲ ಸಿನಿಮಾ ಒಂದರಿಂದಲೇ ಆಯಿತು ಎನ್ನಲಾಗದು. ನಾಡಿನ ಮೂಲೆ ಮೂಲೆಗೆ ಆ ಮುಖವನ್ನು ಕೊಂಡೊಯ್ದದ್ದರಲ್ಲಿ ಅದರ ಪಾಲು ದೊಡ್ಡದು.

ಈ ರಾತ್ರಿಯ ನೆನಪು ನನಗೆ ಮತ್ತೆ ಬಲವಾಗಿ ಬಂದದ್ದು ದೂರದ ಒಂದು ದೇಶದ ಸಿನಿಮಾದ ಕುರಿತು ತಿಳಿದಾಗ. ಫಿಲಿಪ್ಪೀನ್ಸ್‌ನಲ್ಲಿ 2023ರ ಕ್ರಿಸ್‌ಮಸ್ ದಿನ ‘ಗೊಂಬುರ್ಜಾ’ ಎಂಬ ಚಿತ್ರ ಬಿಡುಗಡೆಯಾಯಿತು. ನಿರ್ದೇಶಕ ಪೆಪೆ ಡಿಯೊಕ್ನೊ. ಆ ಹೆಸರು ಗೋಮೆಸ್, ಬುರ್ಗೋಸ್, ಜಮೋರಾ ಎಂಬ ಮೂವರು ಪಾದ್ರಿಗಳ ಹೆಸರಿನ ತುಣುಕುಗಳಿಂದ ಆದದ್ದು. ಸ್ಪೇನಿನ ಆಳ್ವಿಕೆಯಲ್ಲಿ ಚರ್ಚುಗಳ ಯಜಮಾನಿಕೆ ಸ್ಪೇನಿನ ಸನ್ಯಾಸಿಗಳ ಕೈಯಲ್ಲಿತ್ತು, ನೆಲದ ಪಾದ್ರಿಗಳಿಗೆ ಪಾಲಿರಲಿಲ್ಲ. ಆ ಪಾಲನ್ನು ಕೇಳಿದವರಲ್ಲಿ ಈ ಮೂವರೂ ಇದ್ದರು. 1872ರ ಜನವರಿಯಲ್ಲಿ ಕವೀತೆ ಎಂಬಲ್ಲಿ ಸೈನಿಕರು ದಂಗೆ ಎದ್ದರು. ದಂಗೆಗೂ ಈ ಪಾದ್ರಿಗಳಿಗೂ ಸ್ಪೇನಿನ ಸರ್ಕಾರದವರು ನಂಟು ಹಚ್ಚಿದರು. ಸಾಕ್ಷಿ ಹೇಳಿದವನು ಸಾಲ್ದುವಾ ಎಂಬವನು. ಫೆಬ್ರವರಿ 17ರಂದು ಮನಿಲಾದ ಬಗುಂಬಾಯನ್ ಬಯಲಿನಲ್ಲಿ ಮೂವರನ್ನೂ ಕೊರಳು ಹಿಸುಕುವ ಯಂತ್ರಕ್ಕೆ ಕೊಟ್ಟರು. ಸಾಕ್ಷಿ ಹೇಳಿದ ಸಾಲ್ದುವಾನನ್ನೂ ಬಿಡಲಿಲ್ಲ. ಗೋಮೆಸ್‌ಗೆ ಆಗ 72 ವರ್ಷ, ಉಳಿದಿಬ್ಬರಿಗೆ ಮೂವತ್ತೈದರ ಆಸುಪಾಸು. ಪಾದ್ರಿ ವೇಷವನ್ನು ಅವರ ಮೈಯಿಂದ ಕಳಚಿಸಲು ಮನಿಲಾದ ಆರ್ಚ್‌ಬಿಷಪ್ ಒಪ್ಪಲಿಲ್ಲ. ಮುಂದೆ ಅಲ್ಲಿನ ಕಾದಂಬರಿಕಾರ ಹೊಸೆ ರಿಸಾಲ್ ತನ್ನ ಎರಡನೆಯ ಕಾದಂಬರಿಯನ್ನು 1891ರಲ್ಲಿ ಈ ಮೂವರಿಗೆ ಅರ್ಪಿಸಿದ. ಆ ದೇಶದ ಸ್ವಾತಂತ್ರ್ಯದ ಕಥೆ ಹೇಳುವವರು ಇವರಿಂದಲೇ ಶುರು ಮಾಡುತ್ತಾರೆ.

ಆ ಚಿತ್ರಕ್ಕೆ ಮನಿಲಾದ ಚಲನಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಬುರ್ಗೋಸ್ ಆಗಿ ನಟಿಸಿದ ಸೆಡ್ರಿಕ್ ಹುವಾನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಕಾಳಗದ ಅಬ್ಬರಕ್ಕಿಂತ ಮಾತುಕತೆಗೆ, ನ್ಯಾಯಾಲಯಕ್ಕೆ, ಅನ್ಯಾಯ ಹೆಜ್ಜೆ ಹೆಜ್ಜೆಯಾಗಿ ಕಟ್ಟಿಕೊಂಡು ಬಂದ ಬಗೆಗೆ ಅಲ್ಲಿ ಹೆಚ್ಚು ಜಾಗ. ಇದನ್ನು ತಿಳಿದಾಗ ನನಗೆ ಗಾಣದ ಮುಂದೆ ಕೂತಿದ್ದ ಮುತ್ಯಾನ ಮಾತೇ ಕಿವಿಯಲ್ಲಿ ಕೇಳಿತು. ಹುತಾತ್ಮರಾದವರು ಮೂವರು ಎಂದರೆ ಮೂವರನ್ನೂ ನಿಲ್ಲಿಸಬೇಕು, ಹಿಡಿದುಕೊಟ್ಟವನನ್ನೂ ನಿಲ್ಲಿಸಬೇಕು, ಕಾಳಗಕ್ಕಿಂತ ಕಾರಣಕ್ಕೆ ಹೆಚ್ಚು ಹೊತ್ತು ಕೊಡಬೇಕು. ಏಳು ಕಡಲಾಚೆಯ ವಿಮರ್ಶಕರು ಮೆಚ್ಚಿದ ಗುಣವನ್ನೇ ನಮ್ಮೂರ ತುಂತುಣಿಯವ ಹನ್ನೊಂದು ವರ್ಷ ಮೊದಲು ಕೇಳಿದ್ದ.

ಇಲ್ಲಿ ನಮ್ಮ ಸೀಮೆಯವರ ರುಚಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಕ್ಕೇರಿ ತಾಲೂಕಿನ ಘೋಡಗೇರಿ ಚಂದ್ರಶೇಖರ ಕಂಬಾರರ ಊರು. ಗೋಕಾಕ ತಾಲೂಕಿನ ಬೆಟಗೇರಿ ಆನಂದಕಂದರ ಊರು. 1942ರ ಚಳವಳಿಯನ್ನು ಕಾದಂಬರಿಗೆ ತಂದ ಬಸವರಾಜ ಕಟ್ಟೀಮನಿ ಇದೇ ಗೋಕಾಕ ಸೀಮೆಯವರು. ಜನಪದರ ಹಾಡು, ಆಟ, ಬಯಲಾಟಗಳಿಂದ ಕಸುವು ಪಡೆದ ಬರಹಗಾರರು ಇವರು. ಕಂಬಾರರು ಸಿನಿಮಾ ನಿರ್ದೇಶಿಸಿದಾಗಲೂ ಆ ನೆಲದ ಗಾಯನವನ್ನೇ ಪರದೆಗೆ ತಂದರು. ಅವರ ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಇಂಥ ನೆಲದಲ್ಲಿ ಗಾಣದ ಮುಂದೆ ಕೂತವರೂ ಕಥೆಯ ಹದ ತಿಳಿದವರೇ. ಅವರ ಮಾತು ಯಾವ ಪತ್ರಿಕೆಯಲ್ಲೂ ಬರಲಿಲ್ಲ ಎಂಬ ಕಾರಣಕ್ಕೆ ಅದು ಕಡಿಮೆ ತೂಕದ್ದಾಗುವುದಿಲ್ಲ.

ಸಿನಿಮಾ ನೋಡಿದ ಮರುವರ್ಷ ನಾವು ಕೆಲವರು ನಂದಗಡಕ್ಕೆ ಹೋದೆವು. ರಾಯಣ್ಣನ ಸಮಾಧಿಯ ಮೇಲೆ ದೊಡ್ಡ ಆಲದ ಮರ ಇದೆ. ಅವನ ಆಪ್ತ ಚನ್ನಬಸಪ್ಪ ನೆಟ್ಟದ್ದು ಎಂದು ಜನ ನಂಬುತ್ತಾರೆ. ಮಕ್ಕಳಿಲ್ಲದವರು ಬಂದು ಹರಕೆ ಹೊತ್ತು ಆ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಆಯಿಯೂ ನಮ್ಮ ಜೊತೆ ಇದ್ದಳು. ಗಲ್ಲಿಗೆ ಹೋದವನ ಗೋರಿಯ ಮೇಲೆ ತೊಟ್ಟಿಲುಗಳು ತೂಗುವುದನ್ನು ಅವಳು ಬಹಳ ಹೊತ್ತು ನೋಡಿದಳು. “ಇದನ್ನ ತೋರಿಸಬೇಕಿತ್ತು ನೋಡು, ಪಿಚ್ಚರಿನ್ಯಾಗ ಎಲ್ಲಾಕ್ಕಿಂತ ಮೊದಲ,” ಎಂದಳು. ಅಂದು ರಾತ್ರಿ ತಾನೇ ಕೇಳಿದ ಪ್ರಶ್ನೆಗೆ ಅವಳಿಗೆ ಅಲ್ಲಿ ಉತ್ತರ ಸಿಕ್ಕಿತ್ತು. ಉಳಿದವರ ಕಥೆ ಎಂದರೆ ಹಾಡಿದವರು, ಹರಕೆ ಹೊತ್ತವರು, ಮಕ್ಕಳಿಗೆ ರಾಯಣ್ಣ ಎಂದು ಹೆಸರಿಟ್ಟವರು.

ಮುತ್ಯಾ ಈಗಿಲ್ಲ. ಅವನ ಮೇಳದ ಹಾಡನ್ನು ಪೂರ್ತಿ ಬಲ್ಲವರು ನಮ್ಮೂರಲ್ಲಿ ಯಾರೂ ಉಳಿದಿಲ್ಲ. ಬೇರೆ ಊರುಗಳಲ್ಲಿ ಇನ್ನೂ ಹಾಡುವವರಿದ್ದಾರೆ, ಅವರಿಗೂ ವಯಸ್ಸಾಗುತ್ತಿದೆ.

ರಾಯಣ್ಣನ ಸಿನಿಮಾ ಇನ್ನೂ ಬರುತ್ತವೆ, ಬರಬೇಕು. ಅಮಟೂರ ಬಾಳಪ್ಪನ ಮೇಲೆ, ಚನ್ನಬಸಪ್ಪನ ಮೇಲೆ, ಹೆಸರೇ ಮರೆತುಹೋದ ಆ ಸಂಗಡಿಗರ ಮೇಲೆ ಬರಬೇಕು. ಅದನ್ನು ತೆಗೆಯುವವರಲ್ಲಿ ನನ್ನದೊಂದು ಕೋರಿಕೆ. ಕ್ಯಾಮೆರಾ ಹೂಡುವ ಮೊದಲು ಬೈಲಹೊಂಗಲ, ಖಾನಾಪುರ, ಗೋಕಾಕ, ಹುಕ್ಕೇರಿ ಸೀಮೆಯ ಲಾವಣಿಕಾರರ ಎದುರು ಒಂದು ರಾತ್ರಿ ಕೂತು ಹಾಡು ಕೇಳಿರಿ. ಅವರು ಎಲ್ಲಿ ತಾಳ ನಿಧಾನ ಮಾಡುತ್ತಾರೋ ಗಮನಿಸಿರಿ. ಚಿತ್ರ ಮುಗಿದ ಮೇಲೆ ಮೊದಲ ಪ್ರದರ್ಶನ ಅವರಿಗೇ ತೋರಿಸಿ, ಅವರ ಮಾತು ಬರೆದುಕೊಳ್ಳಿರಿ. ಓದುಗರಾದ ನೀವೂ ನಿಮ್ಮ ಊರಲ್ಲಿ ಇಂಥ ಹಾಡು ಬಲ್ಲ ಹಿರಿಯರಿದ್ದರೆ ತಡ ಮಾಡಬೇಡಿ. ಕೈಯಲ್ಲಿರುವ ಫೋನಿನಲ್ಲೇ ಆಗಲಿ, ಪೂರ್ತಿ ಹಾಡನ್ನು ಈ ವರ್ಷವೇ ಧ್ವನಿಮುದ್ರಿಸಿ ಇಟ್ಟುಕೊಳ್ಳಿ.